ಹಳಸಿದ್ದಲ್ಲ

ಹೊಳಲ್ಕೆರೆ
೧೪ ಸೆಪ್ಟೆಂಬರ್ ೨೦೨೪, ಶನಿವಾರ, ಮಧ್ಯಾಹ್ನ ಮೂರು ಗಂಟೆ.
ಅವ್ವ ಪಕ್ಕದ ಓಬಕ್ಕನ ಮನೆಗೆ ಹೋಗಿದ್ದಾಳೆ. ಕರೀನ್ ಮಾಳಿಗೆಯ ಮೇಲಿದ್ದಾಳೆ.

ಪ್ರಿಯ ಪ್ರಸನ್ನ,

ಆಶೀರ್ವಾದಗಳು. ನೀನು ಗಾಳಿಯಂತ್ರದ ಕೆಲಸಕ್ಕೆಂದು ಭುಜ್‌ಗೆ ಹೋಗಿ ಎರಡು ತಿಂಗಳಾಯಿತು, ನಾನು ಒಂದು ಸಾಲೂ ಬರೆಯಲಿಲ್ಲ. ಕ್ಷಮಿಸು. ಫೋನಿನಲ್ಲಿ ಮಾತಾಡಿದರೆ ಮನೆಗೆಲ್ಲ ಕೇಳಿಸುತ್ತದೆ, ಅದಕ್ಕೇ ಈ ಕಾಗದ.

ನಿನ್ನ ಹೆಂಡತಿ ಕರೀನ್ ಜರ್ಮನಿಗೆ ಹೊರಟಿದ್ದಾಳೆ. "ಸ್ವಲ್ಪ ದಿನ, ಅಕ್ಕ" ಎಂದಳು. ಎಷ್ಟು ದಿನ ಎಂದರೆ ಮಾಳಿಗೆ ಹತ್ತಿ ಹೋದಳು. ನಿನಗೆ ಇನ್ನೂ ಹೇಳಿಲ್ಲವಂತೆ.

ಅವಳ ತಾಯಿ ತೀರಿಕೊಂಡ ಮೇಲೆ ಅವಳಿಗೆ ತನ್ನೂರಿನ ಅಡುಗೆಯ ಹಂಬಲ ಹತ್ತಿದ್ದು ನಿನಗೆ ಗೊತ್ತು. ಅಲ್ಲಿದ್ದಾಗ ಡಬ್ಬಿಯದ್ದು ತಿಂದುಕೊಂಡಿದ್ದವಳು, ಇಲ್ಲಿ ನಮ್ಮ ಒಲೆಯ ಮುಂದೆ ನಿಂತು ಒಂದೊಂದೇ ನೆನಪು ಮಾಡಿಕೊಂಡಳು. ಮೊದಲು ಆಲೂಗಡ್ಡೆಯ ದಪ್ಪ ಉಂಡೆ. ಅವ್ವ ರಾಗಿಮುದ್ದೆಯಂತೆ ಅಗಿಯದೆ ನುಂಗಿ, "ಇದೇನವ್ವ, ಗಂಟ್ಲಾಗೇ ಕುಂತ್ಕಂತು, ಇಳಿಯಾಕೆ ಒಲ್ದು" ಎಂದಳು. ತಾಯಿ ಹೋದ ಮೇಲೆ ಕರೀನ್ ನಕ್ಕದ್ದು ಅಂದೇ.

ಆಮೇಲೆ ಎಲೆಕೋಸು. ಸಣ್ಣಗೆ ಹೆಚ್ಚಿ, ಉಪ್ಪು ಹಾಕಿ ಹಿಸುಕಿ, ಅವ್ವನ ಉಪ್ಪಿನಕಾಯಿ ಜಾಡಿಯಲ್ಲಿ ಒತ್ತಿ, ಮೇಲೊಂದು ಕಲ್ಲು ಹೇರಿದಳು. ಅವಳ ತಾಯಿ ಹೀಗೇ ಇಡುತ್ತಿದ್ದರಂತೆ. ದಿನಾ ಬೆಳಿಗ್ಗೆ ಮುಚ್ಚಳ ತೆಗೆದು ಮೂಸುತ್ತಿದ್ದಳು. ಮೊನ್ನೆ, ಹದಿನಾರನೆಯ ದಿನ, ಮುಖವರಳಿಸಿಕೊಂಡು ಬಂದು ಅವ್ವನಿಗೆ, "ಅತ್ತೆ, ಚೆನ್ನಾಗಿ ಹಳಸೈತೆ" ಎಂದಳು. ಆ ಪದ ಎಲ್ಲಿ ಕಲಿತಳೋ.

"ಹೋಗ್ಲಿ ಬಿಡವ್ವ, ಕೋಸು ತಾನೆ" ಎಂದು ಅವ್ವ ಸಮಾಧಾನ ಹೇಳಿದಳು. ಕರೀನ್ ಸ್ನಾನಕ್ಕೆ ಹೋದಾಗ ಎಲ್ಲವನ್ನೂ ತಿಪ್ಪೆಗೆ ಸುರಿದು, ಜಾಡಿ ತೊಳೆದು ಬಿಸಿಲಿಗೆ ಬೋರಲು ಹಾಕಿದಳು. ಕಾಂಪೌಂಡಿನ ಆಚೆಯಿಂದ ಓಬಕ್ಕ, "ಚಂದ್ರಕ್ಕ, ನಿನ್ ಸೊಸಿ ಅಡಿಗೆನ ನಮ್ಮೆಮ್ಮೆ ಮೂಸಿ ನೋಡಿ ಮಕ ತಿರುವ್ಕೆಂಡು ಹೋತು" ಎಂದಳು. ಇಬ್ಬರೂ ನಕ್ಕರು. ತಲೆಗೆ ಟವೆಲ್ ಸುತ್ತಿಕೊಂಡ ಕರೀನ್ ಹಿತ್ತಲ ಬಾಗಿಲಲ್ಲಿ ನಿಂತಿದ್ದಳು. "ತೊಳೆದ್ರಾ?" ಎಂದಳು, ಅಷ್ಟೇ.

ಅಂದಿನಿಂದ ಒಲೆಯ ಹತ್ತಿರ ಬಂದಿಲ್ಲ. ತನ್ನ ತಾಯಿಯ ಊಟ ನಮಗೆ ಹೇಸಿಗೆ ಎಂದುಕೊಂಡಿದ್ದಾಳೆ. ಅವ್ವನಿಗೋ, ಸೊಸೆಯ ಮರ್ಯಾದೆ ಉಳಿಸಿದೆನೆಂಬ ನೆಮ್ಮದಿ. ಇಷ್ಟು ಬರೆಯುವಷ್ಟರಲ್ಲಿ ನಾನು ಮೂರು ಸಲ ಎದ್ದು ಮೆಟ್ಟಿಲವರೆಗೆ ಹೋಗಿ ಬಂದೆ.

ಹೊತ್ತಿಗೆ ಸರಿಯಾಗಿ ಊಟ ಮಾಡು. ದೇವರು ನಿಮ್ಮಿಬ್ಬರನ್ನೂ ಒಟ್ಟಿಗಿಡಲಿ.

ನಿನ್ನ ಅಕ್ಕ,
ಹೇಮಾವತಿ

ಮರೆತದ್ದಲ್ಲ, ಬಿಟ್ಟದ್ದು: "ಎಲ್ಲಿ ಕಲಿತಳೋ" ಎಂದು ಮೇಲೆ ಬರೆದದ್ದು ಸುಳ್ಳು. "ಅಕ್ಕ, ಇಟ್ಟು ಇಟ್ಟು ಹುಳಿಯಾದ್ರೆ ಏನಂತಾರೆ?" ಎಂದು ಅವಳು ಕೇಳಿದ್ದು ನನ್ನನ್ನೇ. ನಾನು ಒಂದು ರಷ್ಯನ್ ಕಾದಂಬರಿಯ ಅನುವಾದ ಓದುತ್ತಿದ್ದೆ. ತಲೆ ಎತ್ತದೆ, "ಹಳಸೈತೆ ಅಂತಾರೆ" ಎಂದೆ. ಮರುಕ್ಷಣವೇ ಹೊಳೆಯಿತು: ಹಳಸುವುದು ಕೆಟ್ಟ ಅನ್ನ, ದೋಸೆ ಹಿಟ್ಟಿಗಾದರೆ ಹುಳಿ ಬಂದಿದೆ ಎನ್ನುತ್ತೇವೆ. ಪುಟ ಮುಗಿಯಲಿ ಎಂದು ಸುಮ್ಮನಾದೆ. ಅನುವಾದಕರ ತಪ್ಪು ಪದಗಳಿಗೆ ಅಂಚಿನಲ್ಲಿ ಪೆನ್ಸಿಲ್ ಗುರುತು ಹಾಕುವವಳು ನಾನು.

ಅವ್ವ ಬಂದ ಕೂಡಲೇ ಕರೀನಳನ್ನು ಕೆಳಗೆ ಕರೆದು, ಇಬ್ಬರ ಮುಂದೆಯೂ ಹೇಳುವುದೆಂದು ನಿರ್ಧರಿಸಿದ್ದೇನೆ. ಗೇಟಿನ ಸದ್ದಾಯಿತು. ಮಾಳಿಗೆಯ ಮೇಲೆ ಅವಳು ಇನ್ನೂ ಓಡಾಡುತ್ತಿದ್ದಾಳೆ.