ದ್ವೀಪಕ್ಕೆ ಬರುವ ಮೊದಲು ಇಂಗ್ರಿಡ್‌ಗೆ ಹೇಳಬೇಕಾದದ್ದು

ಸೂಫ್ರಿಯೇರ್, ಸೇಂಟ್ ಲೂಸಿಯಾ

ಮಗನೇ ಕರ್ವಿನ್,

ಈಸ್ಟರ್‌ಗೆ ಬರುವ ಮೊದಲು ನಿನ್ನ ಹೆಂಡತಿಗೆ ನಮ್ಮ ದ್ವೀಪದ ಒಂದೆರಡು ಸಂಗತಿ ತಿಳಿಸು. ಮಳೆಯಲ್ಲಿ ಮಂಚಿನೀಲ್ ಅನ್ನೋ ವಿಷದ ಮರದಡಿ ನಿಂತರೆ ಮೈಯೆಲ್ಲ ಬೊಬ್ಬೆ ಏಳುತ್ತದೆ. ಈಜುಡುಗೆಯಲ್ಲಿ ಪೇಟೆಗೆ ಬರಬಾರದು. ಬಸ್ ಹತ್ತಿದ ಕೂಡಲೇ ಎಲ್ಲರಿಗೂ ಗುಡ್ ಮಾರ್ನಿಂಗ್ ಹೇಳಬೇಕು.

ಕಳೆದ ಸಲ ಒಂದೇ ದಿನಕ್ಕೆ ಬಂದಾಗ ಇಂಗ್ರಿಡ್ ಬಸ್ಸಿನಲ್ಲಿ ಯಾರಿಗೂ ಗುಡ್ ಮಾರ್ನಿಂಗ್ ಹೇಳದೆ ಹೋಗಿ ಕೂತಳಲ್ಲ, ಪಕ್ಕದ ಮನೆಯ ಯೂಡೋರಾ, "ಏನೇ ಫಿಲೊಮೀನ್, ನಿನ್ ಸೊಸೆ ಬಾಯಿ ಮನೇಲೇ ಬಿಟ್ಟು ಬಂದಿದಾಳಾ?" ಅಂದಳು. ನಾಚಿಕೆಯಿಂದ ನಾನು, "ಪಾಪ, ಹುಟ್ಟಿದಾಗಿಂದ ಮಾತೇ ಬರಲ್ಲ ಕಣೇ" ಅಂದುಬಿಟ್ಟೆ.

ಅಂದಿನಿಂದ ಇಗರ್ಜಿಯಲ್ಲಿ ಪ್ರತಿ ಭಾನುವಾರ ಅವಳಿಗಾಗಿ ಪ್ರಾರ್ಥನೆ ನಡೆಯುತ್ತಿದೆ. ಯೂಡೋರಾ ಉಪವಾಸವನ್ನೂ ಹಿಡಿದಿದ್ದಾಳೆ.

ಈ ಸಲ ಇಂಗ್ರಿಡ್ ಗಟ್ಟಿಯಾಗಿಯೇ ಗುಡ್ ಮಾರ್ನಿಂಗ್ ಹೇಳಲಿ. ಬಸ್ಸಿನವರೆಲ್ಲ ದೇವರನ್ನು ಕೊಂಡಾಡುವಾಗ ನಾನು ತಲೆ ತಗ್ಗಿಸಿ ಕೂತಿರುತ್ತೇನೆ. ನಾನೂ ಪ್ರಾರ್ಥನೆ ಮಾಡುತ್ತಿದ್ದೇನೆ ಅಂದುಕೊಳ್ಳುತ್ತಾರೆ.

ನಿನ್ನ ಅಮ್ಮ,
ಫಿಲೊಮೀನ್