ಮನೆಯೊಳಗಿನ ಕಾಲುಚೀಲ

ಅಮ್ಮಾ,

ನೀನು ಏಳುವ ಮೊದಲೇ ಹೊರಡುತ್ತಿದ್ದೇನೆ, ಅದಕ್ಕೇ ಈ ಪತ್ರ ಫ್ಲಾಸ್ಕಿನ ಕೆಳಗೆ.

ನಿನ್ನೆ ಮನೆಮನೆ ಭೇಟಿಯಲ್ಲಿ ಹಿಂದಿನ ಬೀದಿಯ ದರ್ಜಿಯ ಹೆಂಡತಿಯ ಕಾಲಿಗೆ ಪಟ್ಟಿ ಕಟ್ಟುತ್ತಿದ್ದೆ. ಮುಲಾಮು ಇಷ್ಟು ಬೇಗ ಹೇಗೆ ಮುಗಿಯಿತು ಎಂದು ಗದರಿದೆ. "ಅರ್ಧ ನಿಮ್ಮಮ್ಮಂಗೇ ಕೊಟ್ಟೆ ಸಿಸ್ಟರ್. ಅವರ ಕಾಲಿನ ಹೆಬ್ಬೆರಳೂ ಹೀಗೇ ಗಾಯ ಆಗಿದೆಯಲ್ಲ. ಮಗಳಿಗೆ ಬಿಡುವೇ ಇರಲ್ಲ, ಹೇಳಬೇಡ ಅಂದಿದ್ರು" ಎಂದಳು.

ಸಕ್ಕರೆ ಕಾಯಿಲೆ ಇದ್ದವರು ದಿನಾ ಕಾಲು ನೋಡಿಕೊಳ್ಳಿ ಎಂದು ಇಡೀ ಬಡಾವಣೆಗೆ ಹೇಳುವವಳು ನಾನು. ಅದೇ ಕಾಯಿಲೆ ಇರುವ ನೀನು ಮನೆಯೊಳಗೂ ಕಾಲುಚೀಲ ಹಾಕಿಕೊಂಡು ಓಡಾಡುತ್ತಿದ್ದರೆ ಚಳಿಯಿರಬೇಕು ಅಂದುಕೊಂಡೆ. ಊರಿಗೆ ಉಪಕಾರಿ, ಮನೆಗೆ ಮಾರಿ ಎಂದು ಅಜ್ಜಿ ಅನ್ನುತ್ತಿದ್ದದ್ದು ಬೇರೆ ಯಾರಿಗೋ ಎಂದುಕೊಂಡಿದ್ದೆ.

ಹತ್ತು ಗಂಟೆಗೆ ಗಾಡಿ ಹೇಳಿದ್ದೇನೆ. ಆರೋಗ್ಯ ಕೇಂದ್ರಕ್ಕೆ ಬಾ. ಡಾಕ್ಟರು ಬರುವ ಗುರುವಾರದವರೆಗೆ ಕಾಯಬೇಕಿಲ್ಲ. ಉಳಿದ ದಿನ ಪರೀಕ್ಷೆ ಮಾಡಿ ಮಾತ್ರೆ ಬರೆಯುವವಳು ನಾನೇ. ಮನೆಯಲ್ಲೇ ನೋಡು ಅನ್ನಬೇಡ. ಮನೆಯಲ್ಲಾದರೆ ನೀನು "ಏನೂ ಇಲ್ಲ ಬಿಡೇ" ಅನ್ನುತ್ತೀಯ, ಸುಸ್ತಾಗಿ ಬಂದ ನಾನು ನಂಬಿಬಿಡುತ್ತೇನೆ. ಅಲ್ಲಿ ನಾನು ಯಾರ ಮಾತನ್ನೂ ನಂಬುವುದಿಲ್ಲ, ಕಾಲನ್ನೇ ನೋಡುತ್ತೇನೆ.

ದರ್ಜಿಯ ಮನೆಗೆ ಬೇರೆ ಮುಲಾಮು ಕೊಟ್ಟಾಗಿದೆ, ಆ ಚಿಂತೆ ಬೇಡ. ಸಡಿಲವಾದ ಚಪ್ಪಲಿ ಹಾಕಿಕೋ. ತಿಂಡಿ ತಿಂದೇ ಬಾ.

ಬಾಗಿಲ ಹತ್ತಿರ ಚೀಟಿ ಬರೆಯುವ ಹುಡುಗಿ, ಗಾಯ ಎಷ್ಟು ದಿನದಿಂದ ಎಂದು ಕೇಳುತ್ತಾಳೆ. ನನಗೆ ಬೇಜಾರಾಗುತ್ತದೆ ಎಂದು ಕಡಿಮೆ ಹೇಳಬೇಡ.

ನಿನ್ನ ಮಗಳು