ಉದ್ದದ ಲೆನ್ಸ್ ಹುಡುಕಬೇಡಿ

ರೀ,

ಉದ್ದದ ಲೆನ್ಸ್ ಹುಡುಕಬೇಡಿ. ಅತ್ತೆಯ ಹುಟ್ಟುಹಬ್ಬಕ್ಕೆ ನಾನು ಮುಂಚೆ ಹೊರಟಿದ್ದೇನೆ, ಅದು ಟವೆಲ್ ಸುತ್ತಿಕೊಂಡು ನನ್ನ ಚೀಲದಲ್ಲಿದೆ. ಯಾವುದು ತರಲಿ, ಯಾವುದು ತರಲಿ ಎಂದು ವಾರವಿಡೀ ನನ್ನ ತಲೆ ತಿಂದಿರಲ್ಲ, ತೀರ್ಮಾನವಾಯಿತು. ಅಗಲಕ್ಕೆ ತೆಗೆಯುವ ಲೆನ್ಸನ್ನು ಕ್ಯಾಮೆರಾಕ್ಕೆ ಹಾಕಿಟ್ಟಿದ್ದೇನೆ. ಸರಿಯಾಗಿ ಕೂತಿದೆಯೋ ನೋಡಿಕೊಳ್ಳಿ.

ಹೋದ ವರ್ಷ ಅತ್ತೆಯ ಹುಟ್ಟುಹಬ್ಬಕ್ಕೆ ನಿಮ್ಮಣ್ಣನ ಮನೆ ಮೆಟ್ಟಿಲು ಹತ್ತದೆ, ಎದುರು ಕಟ್ಟಡದ ತಾರಸಿಯಿಂದ ಕಿಟಕಿಯೊಳಗೆ ಫೋಟೋ ಹೊಡೆದಿರಿ. ಅತ್ತೆಯ ಒಂದು ಕಿವಿ ಬಂತು, ಓಲೆ ಸಮೇತ, ಬಹಳ ಸ್ಪಷ್ಟವಾಗಿ. ಮಿಕ್ಕ ಅತ್ತೆ ಬರಲಿಲ್ಲ. ಆದರೂ ಅದಕ್ಕೆ ಕಟ್ಟು ಹಾಕಿಸಿ ಮಂಚದ ಪಕ್ಕ ಇಟ್ಟುಕೊಂಡಿದ್ದಾರೆ.

ಆವತ್ತು ಭಾವ, "ಅವನ್ಯಾಕೆ ಅಷ್ಟು ದೂರ ನಿಂತಿದಾನೆ?" ಅಂದರು.

"ಆ ಲೆನ್ಸಿಗೆ ದೂರ ಬೇಕಂತೆ" ಅಂದೆ.

"ಲೆನ್ಸಿಗಾ?" ಅಂದರು.

ನಾನು ಲೋಟ ತೊಳೆಯಲು ಎದ್ದು ಹೋದೆ.

ಈ ಅಗಲದ ಲೆನ್ಸಿಗೆ ನೀವು ಕೋಣೆಯೊಳಗೇ ನಿಲ್ಲಬೇಕು. ಅಂಚಿನಲ್ಲಿರುವವರು ದಪ್ಪಗೆ ಕಾಣುತ್ತಾರೆ ಅಂದಿದ್ದಿರಿ, ಅಲ್ಲಿ ನಾನು ನಿಲ್ಲುತ್ತೇನೆ. ನನ್ನ ದಪ್ಪದ ತಪ್ಪನ್ನು ಲೆನ್ಸಿನ ಮೇಲೆ ಹಾಕಿದರಾಯಿತು.

ಇಸ್ತ್ರಿ ಮಾಡಿದ ಶರ್ಟು ಕುರ್ಚಿಯ ಮೇಲಿದೆ. ಹಾಲಿಗೆ ಮುಚ್ಚಳ ಮುಚ್ಚಿ ಬನ್ನಿ.

ಬಾಗಿಲು ತೆಗೆಯುವುದು ಭಾವನೇ. ಇಷ್ಟು ದಿನ ಮಾತು ಬಿಟ್ಟು ಈಗ ಏನು ಹೇಳುವುದು ಎಂದು ಬೀದಿಯಲ್ಲೇ ನಿಲ್ಲಬೇಡಿ. ಒಳಗೆ ಬಂದು ಕ್ಯಾಮೆರಾ ಎತ್ತಿ, ಫೋಟೋಗೆ ನಿಂತವರಿಗೆಲ್ಲ ನೀವು ಹೇಳುವುದನ್ನೇ ಹೇಳಿ: "ಸ್ವಲ್ಪ ಹತ್ತಿರ ಬಾ, ಅಣ್ಣ."